ಕಳೆಗೆ ಔಷಧಿ ಹೊಡೆಯುವ ರೈಲು: 1957ರ ಅಮೆರಿಕದ ಸ್ಪ್ರೇ ಟ್ರೇನನ್ನು ಎಚ್‌ಒ ಸ್ಕೇಲಿನಲ್ಲಿ ಕಟ್ಟುವ ಬಗೆ

ಮಾಡೆಲ್ ರೈಲು ಕಟ್ಟುವವರಲ್ಲಿ ಗೂಡ್ಸ್ ಮಾಡುವವರಿದ್ದಾರೆ, ಪ್ಯಾಸೆಂಜರ್ ಮಾಡುವವರಿದ್ದಾರೆ. ಹಳಿಯ ಆರೈಕೆ ಮಾಡುವ ರೈಲುಗಳನ್ನು ಕೈಗೆತ್ತಿಕೊಳ್ಳುವವರು ಕಡಿಮೆ. ಅದರಲ್ಲೂ ಹಳಿ ಪಕ್ಕದ ಕಳೆಗೆ ಔಷಧಿ ಸಿಂಪಡಿಸುತ್ತಾ ಹೋಗುವ ಸ್ಪ್ರೇ ಟ್ರೇನನ್ನು ಕಟ್ಟಿದವರು ನಮ್ಮ ಕಡೆ ನನಗಂತೂ ಸಿಕ್ಕಿಲ್ಲ. ನಾನು ಹಾಸನದಲ್ಲಿ ಗೊಬ್ಬರ, ಔಷಧಿ ಅಂಗಡಿ ನಡೆಸುತ್ತೇನೆ. ಬೆಳಗಿನಿಂದ ಸಂಜೆವರೆಗೆ ಪಂಪು, ನಾಝಲ್, ಎಕರೆಗೆ ಎಷ್ಟು ನೀರು ಅನ್ನುವುದೇ ಮಾತು. ಅಂಗಡಿ ಬಾಗಿಲು ಹಾಕಿದ ಮೇಲೆ ಮಹಡಿ ಕೋಣೆಯ ರೈಲು. ಈ ಎರಡೂ ಒಂದಾಗುವುದು ಸ್ಪ್ರೇ ಟ್ರೇನಿನಲ್ಲಿ. ಅದಕ್ಕೇ ಇದರ ಮೇಲೆ ನನಗೆ ಇಷ್ಟು ಪ್ರೀತಿ. ಕಟ್ಟುವುದು ಎಚ್‌ಒ ಸ್ಕೇಲಿನಲ್ಲಿ, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆಗೆ.

ಕೆಲಸ ಶುರು ಮಾಡುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟ್ಯಾಂಕರ್‌ಗಳನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಅದು ಎಣ್ಣೆ ಸಾಗಿಸುವ ರೈಲಿನ ಹಾಗೆಯೇ ಕಾಣುತ್ತದೆ. ನೋಡಿದವರಿಗೆ ಇದು ಸ್ಪ್ರೇ ಟ್ರೇನು ಅಂತ ಗೊತ್ತಾಗುವುದು ಔಷಧಿ ಬಿಡುವ ವಾಲ್ವ್ ಮುಚ್ಚಿದ ಜಾಗಗಳಿಂದ. ಎಲ್ಲಿ ಔಷಧಿ ಬಿದ್ದಿಲ್ಲ, ಯಾಕೆ ಬಿದ್ದಿಲ್ಲ ಅನ್ನುವುದು ನಿಮ್ಮ ಹಳಿ ಪಕ್ಕದಲ್ಲಿ ಕಾಣಬೇಕು. ಆದ್ದರಿಂದ ಈ ಕೆಲಸದಲ್ಲಿ ಅರ್ಧ ಗಾಡಿ, ಅರ್ಧ ಹುಲ್ಲು.

ರೈಲ್ವೆಯವರಿಗೆ ಕಳೆ ಯಾಕೆ ಬೇಡ?

ಹಳಿ ಕೆಳಗೆ ಜಲ್ಲಿ ಹಾಕುವುದೇ ಮಳೆ ನೀರು ಬಸಿದು ಹೋಗಲಿ ಅಂತ. ಬೇರು, ಒಣಗಿದ ಎಲೆ, ಮಣ್ಣು ಸೇರಿ ಜಲ್ಲಿಯ ಸಂದಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ಮರದ ಸ್ಲೀಪರ್ ಕೊಳೆಯುತ್ತದೆ, ಹಳಿ ಕುಸಿಯುತ್ತದೆ. ಬಳ್ಳಿ ಹಳಿ ಮೇಲೆ ಹಬ್ಬಿ ಚಕ್ರಕ್ಕೆ ಸಿಕ್ಕಿ ಜಜ್ಜಿದರೆ ಆ ರಸಕ್ಕೆ ಏರಿನಲ್ಲಿ ಎಂಜಿನ್ ಜಾರುತ್ತದೆ. ಸಡಿಲವಾದ ಬೋಲ್ಟು, ಬಿರುಕು ಬಿಟ್ಟ ಹಳಿ ಗಿಡದ ಮರೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಸ್ಟೀಮ್ ಕಾಲದಲ್ಲಿ ಇನ್ನೊಂದು ಭಯ: ಬೇಸಗೆಯ ಒಣಹುಲ್ಲಿಗೆ ಎಂಜಿನ್ನಿನ ಕಿಡಿ ಬಿದ್ದರೆ ಬೆಂಕಿ ಪಕ್ಕದ ಹೊಲಕ್ಕೂ ಹೋಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಸಿರು ಹೇಗೆ ಹಳಿಯನ್ನು ಮುತ್ತಿಕೊಳ್ಳುತ್ತದೆ ಅಂತ ನೋಡಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲೂ ಮೊದಲು ಗ್ಯಾಂಗಿನವರು ಕುಡುಗೋಲು, ಸಲಿಕೆ ಹಿಡಿದೇ ಕಳೆ ತೆಗೆಯುತ್ತಿದ್ದರು. ಆಮೇಲೆ ಹಳಿ ಮೇಲೆ ಓಡುತ್ತಾ ಕಳೆ ಸುಡುವ ಯಂತ್ರಗಳು ಬಂದವು. ಮಿನಿಯಾಪೊಲಿಸ್ಸಿನ ವೂಲರಿ ಕಂಪನಿ ಇಂಥವನ್ನು ಮಾಡುತ್ತಿತ್ತು. ಸುಟ್ಟರೆ ಮೇಲಿನ ಗಿಡ ಹೋಗುತ್ತದೆ, ಬೇರು ಉಳಿಯುತ್ತದೆ. ರಾಸಾಯನಿಕದ ರೈಲು ಜಾಸ್ತಿ ಓಡಾಡಿದ್ದು ಇದೇ ಕಾರಣಕ್ಕೆ.

ಮೊದಲು ವರ್ಷ ಗೊತ್ತು ಮಾಡಿಕೊಳ್ಳಿ

ವರ್ಷ ಗೊತ್ತಾದರೆ ಔಷಧಿ ಗೊತ್ತಾಗುತ್ತದೆ. ಔಷಧಿ ಗೊತ್ತಾದರೆ ಯಾವ ಗಾಡಿ ಬೇಕು, ಸತ್ತ ಹುಲ್ಲು ಯಾವ ಬಣ್ಣಕ್ಕಿರಬೇಕು ಅನ್ನುವುದೂ ಗೊತ್ತಾಗುತ್ತದೆ.

20ನೇ ಶತಮಾನದ ಮೊದಲ ದಶಕಗಳಾದರೆ ಸೋಡಿಯಂ ಆರ್ಸೆನೈಟ್. ಅಂದರೆ ನೇರವಾಗಿ ಪಾಷಾಣ. ಅದು ಬಿದ್ದ ಹುಲ್ಲನ್ನು ದನಗಳು ಉಪ್ಪಿನ ಆಸೆಗೆ ನೆಕ್ಕಲು ಬರುತ್ತಿದ್ದವು, ಸಾಯುತ್ತಿದ್ದವು. ಹಳೆಯ ಹಳಿಗಳ ಪಕ್ಕದ ಮಣ್ಣಿನಲ್ಲಿ ಆ ಆರ್ಸೆನಿಕ್ ಈಗಲೂ ಸಿಗುತ್ತದೆ. ಈ ಕಾಲದ ಮಾಡೆಲ್ ಮಾಡುವವರು ಹಳಿ ಮತ್ತು ಹುಲ್ಲುಗಾವಲಿನ ನಡುವೆ ತಂತಿ ಬೇಲಿಯನ್ನು ಮರೆಯಬಾರದು.

1920ರ ದಶಕದಿಂದ ಸೋಡಿಯಂ ಕ್ಲೋರೇಟ್ ಬಂತು. ದನಗಳಿಗೆ ಪಾಷಾಣದಷ್ಟು ಕೆಟ್ಟದ್ದಲ್ಲ, ಆದರೆ ಬೆಂಕಿಯ ವಿಷಯದಲ್ಲಿ ಭಯಂಕರ. ಕ್ಲೋರೇಟ್ ನೀರು ಬಿದ್ದ ಬಟ್ಟೆ ಒಣಗಿದ ಮೇಲೆ ಒಂದು ಕಿಡಿ ಸಾಕು, ಉಟ್ಟ ಬಟ್ಟೆಯೇ ಭಗ್ಗನೆ ಹತ್ತಿಕೊಳ್ಳುತ್ತದೆ. ಒಣಗಿದ ಹುಲ್ಲಿಗೂ ಇದೇ ಗತಿ. ನ್ಯೂಜೆರ್ಸಿಯ ಬೌಂಡ್ ಬ್ರೂಕಿನ ಚಿಪ್‌ಮನ್ ಕಂಪನಿ ಇದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಅಟ್ಲಸೈಡ್ ಅನ್ನುವ ಹೆಸರಲ್ಲಿ ಮಾರುತ್ತಿತ್ತು. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಪೂರ್ತಿ ಒಣಗಲು ಬಿಡುವುದಿಲ್ಲ, ಬೆಂಕಿ ಭಯ ಕಡಿಮೆಯಾಗುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ 2,4-ಡಿ. ನಮ್ಮ ರೈತರಿಗೂ ಚೆನ್ನಾಗಿ ಗೊತ್ತಿರುವ ಔಷಧಿ. ಅಗಲ ಎಲೆಯ ಕಳೆಯನ್ನು ತಿರುಚಿ ಕೊಲ್ಲುತ್ತದೆ, ಹುಲ್ಲನ್ನು ಬಿಡುತ್ತದೆ. ಹುಲ್ಲಿಗೆ ಟಿಸಿಎ ಅನ್ನುವ ಔಷಧಿ ಇತ್ತು, ತಾಗಿದ ಎಲೆಯನ್ನು ಬಾಡಿಸಲು ಖನಿಜ ಎಣ್ಣೆ ಇತ್ತು. ಪೊದೆಗಳಿಗೆ 2,4,5-ಟಿ. 1950ರ ದಶಕದ ಮೊದಲಲ್ಲಿ ಡ್ಯುಪಾಂಟ್ ಕಂಪನಿ ಮೊನ್ಯುರಾನ್ ತಂದಿತು. ಅದು ಎಲೆಗಿಂತ ಬೇರಿನ ಮೂಲಕ ಕೆಲಸ ಮಾಡುವ ಪುಡಿ. ಒಮ್ಮೆ ಮಣ್ಣಿಗೆ ಇಳಿದರೆ ತಿಂಗಳುಗಟ್ಟಲೆ ಹೊಸ ಕಳೆ ಏಳಲು ಬಿಡುವುದಿಲ್ಲ.

ಈಚಿನ ಕಾಲ ಬೇಕೆನ್ನುವವರಿಗೆ: ಗ್ಲೈಫೋಸೇಟ್ ಅನ್ನುವ ಕಳೆನಾಶಕ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. 2,4,5-ಟಿಯನ್ನು ರಸ್ತೆ, ಹಳಿ ಪಕ್ಕ ಹೊಡೆಯುವುದನ್ನು ಅಮೆರಿಕ ಸರ್ಕಾರ 1979ರಲ್ಲಿ ನಿಲ್ಲಿಸಿತು, 1985ಕ್ಕೆ ಪೂರ್ತಿ ರದ್ದಾಯಿತು. ಅದರೊಳಗಿನ ಡಯಾಕ್ಸಿನ್ ಅನ್ನುವ ವಿಷ ಅದಕ್ಕೆ ಕಾರಣ. ಈಗ ಅಲ್ಲಿ ಎಷ್ಟೋ ಕಡೆ ರೈಲಿನ ಬದಲು ರಸ್ತೆಯಲ್ಲೂ ಹಳಿಯಲ್ಲೂ ಓಡುವ ಟ್ರಕ್ಕುಗಳು ಈ ಕೆಲಸ ಮಾಡುತ್ತವೆ.

ನಾನು 1957 ಆರಿಸಿಕೊಂಡೆ. ಊರು ಇಲಿನಾಯ್ ರಾಜ್ಯದ ಬಯಲು, ಸುತ್ತ ಮುಸುಕಿನ ಜೋಳ, ಸೋಯಾ. ಆ ಹೊತ್ತಿಗೆ ಸ್ಟೀಮ್ ಬಹುಮಟ್ಟಿಗೆ ಹೋಗಿ ಡೀಸೆಲ್ ಬಂದಿತ್ತು. ಕೆಲಸ ಕಳೆದುಕೊಂಡ ಸ್ಟೀಮ್ ಎಂಜಿನ್ನುಗಳ ಹಿಂದೆ ನೀರು, ಕಲ್ಲಿದ್ದಲು ಹೊರುತ್ತಿದ್ದ ಟೆಂಡರ್‌ಗಳನ್ನು ರೈಲ್ವೆಯವರು ನೀರಿನ ಗಾಡಿಗಳಾಗಿ ಉಳಿಸಿಕೊಳ್ಳುತ್ತಿದ್ದರು. ಡೀಸೆಲ್ ಎಂಜಿನ್ನಿನ ಜೊತೆ ಹಳೇ ಟೆಂಡರ್ ಬಂದರೆ ನೋಡಲು ಏನು ಚೆಂದ ಗೊತ್ತಾ!

ಗಾಡಿ ಜೋಡಿಸುವುದು

ಎಂಜಿನ್ನಿಗೆ ಇಎಂಡಿ ಕಂಪನಿಯ ಜಿಪಿ7 ಡೀಸೆಲ್ ಸಾಕು. ನಿಜದ್ದು 1949ರಿಂದ 1954ರವರೆಗೆ ತಯಾರಾದದ್ದು, ಎಚ್‌ಒನಲ್ಲಿ ಅಥರ್ನ್, ಅಟ್ಲಾಸ್ ಕಂಪನಿಯವು ಸಿಗುತ್ತವೆ. ಆಮೇಲೆ ಎರಡು ಟ್ಯಾಂಕ್ ಕಾರು, ಒಂದು ಟೆಂಡರ್, ತುದಿಗೆ ಸ್ಪ್ರೇ ಕಾರು. ಸ್ಪ್ರೇ ಕಾರನ್ನು ಹಿಂದೆ ಎಳೆದುಕೊಂಡು ಹೋಗುವುದೂ ಇತ್ತು, ಮುಂದೆ ತಳ್ಳಿಕೊಂಡು ಹೋಗುವುದೂ ಇತ್ತು. ಮುಂದೆ ಇಡಿ ಅನ್ನುವುದು ನನ್ನ ಸಲಹೆ. ವಾಲ್ವ್ ಹಿಡಿದವನಿಗೆ ಮುಂದೆ ಬರುವ ಸೇತುವೆ, ತೋಟ, ಬಾವಿ ಕಾಣುತ್ತದೆ. ನೋಡುವವರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ.

ಟ್ಯಾಂಕ್ ಕಾರು 10,000 ಗ್ಯಾಲನ್ನಿನದು ತೆಗೆದುಕೊಳ್ಳಿ. ಸುಮಾರು 40 ಅಡಿ ಉದ್ದ, ಎಚ್‌ಒನಲ್ಲಿ 14 ಸೆಂಟಿಮೀಟರ್. ಹೊಳೆಯುವ ಬಣ್ಣ ಬೇಡ. ಮುಚ್ಚಳದಿಂದ ಕೆಳಗೆ ಔಷಧಿ ಸೋರಿ ಒಣಗಿದ ಬಿಳಿ ಗೆರೆ ಎಳೆಯಿರಿ. ನಮ್ಮ ಅಂಗಡಿಯ ಡ್ರಮ್ಮುಗಳಲ್ಲೂ ಹಾಗೆಯೇ, ಸೋರಿದ ಗುರುತು ಯಾವಾಗಲೂ ಬಾಯಿಯ ಒಂದೇ ಕಡೆ ಇರುತ್ತದೆ, ಸುತ್ತಲೂ ಇರುವುದಿಲ್ಲ. ಕೆಳಗಡೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ರಬ್ಬರ್ ಪೈಪು ಹೋಗಬೇಕು. ಪಂಪ್ ಎಲ್ಲ ಟ್ಯಾಂಕುಗಳಿಂದಲೂ ನೀರೆಳೆಯುವುದು ಅದರಿಂದಲೇ. ಇಯರ್‌ಫೋನಿನ ಕಪ್ಪು ವೈರು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ತಿರುವಿನಲ್ಲಿ ಎಳೆದುಕೊಳ್ಳದಷ್ಟು ಸಡಿಲ ಬಿಡಿ.

ಸ್ಪ್ರೇ ಕಾರಿಗೆ 40 ಅಡಿಯ ಹಳೆಯ ಫ್ಲ್ಯಾಟ್ ಕಾರ್, ಅಂದರೆ ಗೋಡೆ, ಚಾವಣಿ ಇಲ್ಲದ ಚಪ್ಪಟೆ ಗಾಡಿ ತೆಗೆದುಕೊಳ್ಳಿ. ಮುಂಭಾಗದಲ್ಲಿ ದೊಡ್ಡ ಗಾಜಿನ ಒಂದು ಗೂಡು, 1 ಮಿಲಿಮೀಟರ್ ಪ್ಲಾಸ್ಟಿಕ್ ಶೀಟಿನಲ್ಲಿ. ಗಾಜಿಗೆ ಮಾತ್ರೆ ಸ್ಟ್ರಿಪ್ಪಿನ ಪಾರದರ್ಶಕ ಪ್ಲಾಸ್ಟಿಕ್ ಆಗುತ್ತದೆ. ಗೂಡಿನೊಳಗೆ ಮೂರು ಹಿಡಿಕೆ ನಿಲ್ಲಿಸಿ: ಎಡಕ್ಕೆ ಒಂದು, ನಡುವೆ ಒಂದು, ಬಲಕ್ಕೆ ಒಂದು. ಇದನ್ನು ಬಿಡಲೇಬೇಡಿ. ಹಳಿಯ ಎರಡು ಪಕ್ಕ ಮತ್ತು ನಡುಭಾಗ ಬೇರೆ ಬೇರೆಯಾಗಿ ತೆರೆದು ಮುಚ್ಚುವಂತೆ ಇತ್ತು ಅನ್ನುವುದಕ್ಕೆ ಈ ಮೂರು ಹಿಡಿಕೆಯೇ ಸಾಕ್ಷಿ. ಗೂಡಿನ ಹಿಂದೆ ಪಂಪು, ಅದನ್ನು ಓಡಿಸುವ ಎಂಜಿನ್, ಬೆರೆಸುವ ತೊಟ್ಟಿ. ಮೊನ್ಯುರಾನ್ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ, ತೇಲಾಡುತ್ತದೆ ಅಷ್ಟೆ. ಕದಡುತ್ತಾ ಇರದಿದ್ದರೆ ತಳಕ್ಕೆ ಕೂತು ಜಾಲರಿ ಕಟ್ಟಿಬಿಡುತ್ತದೆ. ಹಾಗಾಗಿ ತೊಟ್ಟಿಯ ಮೇಲೆ ಕದಡುವ ಕೋಲಿನ ಗೇರ್ ಪೆಟ್ಟಿಗೆ ಕಾಣಬೇಕು, ಪಕ್ಕದಲ್ಲಿ ಒಂದೆರಡು ಪುಡಿ ಡ್ರಮ್ಮು.

ಪೈಪುಗಳಿಗೆ 0.8 ಮಿಲಿಮೀಟರ್ ಹಿತ್ತಾಳೆ ತಂತಿ. ನಾಝಲ್‌ಗೆ 26 ಗೇಜಿನ ಇಂಜೆಕ್ಷನ್ ಸೂಜಿಯ ತುಂಡು. ಸೂಜಿಯನ್ನು ಕಟರ್‌ನಲ್ಲಿ ಕತ್ತರಿಸಿದರೆ ಬಾಯಿ ಅಪ್ಪಚ್ಚಿಯಾಗುತ್ತದೆ. ಸಣ್ಣ ಅರದಲ್ಲಿ ಸುತ್ತಲೂ ಗೀರು ಹಾಕಿ ಮುರಿಯಿರಿ, ತೂತು ಹಾಗೇ ಉಳಿಯುತ್ತದೆ. ನಡುವಿನ ಪೈಪು ಗಾಡಿಯ ಅಡಿಯಲ್ಲಿ ಹಳಿಗಳ ನಡುವೆ ಬರಲಿ, ಪಕ್ಕದ ತೋಳುಗಳು ಹೊರಗೆ ಚಾಚಲಿ. ತೋಳುಗಳನ್ನು ಅಂಟಿಸಿಬಿಡಬೇಡಿ. ತೆಳು ತಂತಿಯ ಕುಣಿಕೆ ಹಾಕಿ ಮಡಚುವಂತೆ ಮಾಡಿ. ಸಿಗ್ನಲ್ ಕಂಬ, ಹಳಿ ಬದಲಿಸುವ ಪಾಯಿಂಟಿನ ಹಿಡಿಕೆ, ಪ್ಲಾಟ್‌ಫಾರ್ಮ್ ಬಂದಾಗ ನಿಜದಲ್ಲೂ ಮಡಚುತ್ತಿದ್ದರು.

ನಾಝಲಿನ ಬಾಯಿ ಕೆಳಗೆ ನೋಡಲಿ, ನೆಲಕ್ಕೆ ಹತ್ತಿರ ಇರಲಿ. ಕೀಟನಾಶಕಕ್ಕೆ ಮಂಜಿನಂಥ ಹನಿ ಬೇಕು, ಕಳೆನಾಶಕಕ್ಕೆ ದಪ್ಪ ಹನಿ. ಸಣ್ಣ ಹನಿ ಗಾಳಿಗೆ ತೇಲಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಕಳೆನಾಶಕಕ್ಕೆ ಬಳಸಿದ ಪಂಪನ್ನು ತೊಳೆಯದೆ ಟೊಮೇಟೊಗೆ ಹೊಡೆದು, ಎಲೆ ಮುರುಟಿಕೊಂಡ ಮೇಲೆ ಗಿಡ ಹಿಡಿದು ಅಂಗಡಿಗೆ ಬರುವವರು ಪ್ರತಿ ಹಂಗಾಮಿನಲ್ಲೂ ಇದ್ದಾರೆ. 2,4-ಡಿ ಅಷ್ಟು ತೀಕ್ಷ್ಣ. ಟೊಮೇಟೊ, ದ್ರಾಕ್ಷಿ, ಹತ್ತಿ ಇದನ್ನು ತಡೆದುಕೊಳ್ಳುವುದೇ ಇಲ್ಲ. ಪಂಪಿನ ತಳದಲ್ಲಿ ಉಳಿದ ಚೂರು ಹೀಗೆ ಮಾಡಿದರೆ, 10,000 ಗ್ಯಾಲನ್ ಹೊತ್ತು ಗಾಳಿಯಲ್ಲಿ ಓಡುವ ರೈಲು ಏನು ಮಾಡಬಹುದು ಅಂತ ಯೋಚಿಸಿ.

ಲೆಕ್ಕ

ಇದು ನನಗೆ ಬಹಳ ಇಷ್ಟದ ಭಾಗ. ಒಂದು ಮೈಲಿಗೆ 5,280 ಅಡಿ, ಒಂದು ಎಕರೆಗೆ 43,560 ಚದರಡಿ. ಭಾಗಿಸಿದರೆ 8.25. ಅಂದರೆ ಎಂಟೂಕಾಲು ಅಡಿ ಅಗಲದ ಪಟ್ಟಿ ಒಂದು ಮೈಲಿ ಉದ್ದಕ್ಕೆ ಹೋದರೆ ಸರಿಯಾಗಿ ಒಂದು ಎಕರೆ. ಅದರ ಮೂರು ಪಟ್ಟು 24.75 ಅಡಿ. ಇಷ್ಟು ಅಗಲಕ್ಕೆ ಹೊಡೆದರೆ ಮೈಲಿಗೆ ಮೂರು ಎಕರೆ.

ಎಕರೆಗೆ 40 ಗ್ಯಾಲನ್ ನೀರು ಇಟ್ಟುಕೊಳ್ಳೋಣ. ಮೈಲಿಗೆ 120 ಗ್ಯಾಲನ್. ರೈಲು ಗಂಟೆಗೆ 20 ಮೈಲಿ ಹೋದರೆ ಗಂಟೆಗೆ 2,400, ನಿಮಿಷಕ್ಕೆ 40 ಗ್ಯಾಲನ್. ನಮ್ಮ ಲೆಕ್ಕದಲ್ಲಿ ನಿಮಿಷಕ್ಕೆ 150 ಲೀಟರ್. 10,000 ಗ್ಯಾಲನ್ನಿನ ಒಂದು ಟ್ಯಾಂಕ್ ಸುಮಾರು 83 ಮೈಲಿಗೆ ಬರುತ್ತದೆ. ಬೆನ್ನಿಗೆ ಪಂಪ್ ಕಟ್ಟಿಕೊಂಡು ದಿನಕ್ಕೆ ಎಷ್ಟು ಎಕರೆ ಮುಗಿಸಬಹುದು ಅಂತ ಗೊತ್ತಿರುವವರಿಗೆ ಗಂಟೆಗೆ 60 ಎಕರೆ ಅನ್ನುವುದು ಎಂಥ ದೊಡ್ಡ ಮಾತು ಅಂತ ತಿಳಿಯುತ್ತದೆ.

ವೇಗ ಅರ್ಧವಾಗಿ ನಾಝಲ್ ಹಾಗೇ ತೆರೆದಿದ್ದರೆ ಎಕರೆಗೆ ಎರಡು ಪಟ್ಟು ಔಷಧಿ ಬೀಳುತ್ತದೆ. ಅದಕ್ಕೆ ಡ್ರೈವರ್ ಮತ್ತು ವಾಲ್ವಿನವನು ಒಬ್ಬರನ್ನೊಬ್ಬರು ಬಿಟ್ಟು ಕೆಲಸ ಮಾಡುವಂತಿಲ್ಲ. ಎಂಜಿನ್ ಮತ್ತು ಚಾಲಕರು ರೈಲ್ವೆಯವರು. ಔಷಧಿ ಕಂಪನಿ ಗುತ್ತಿಗೆ ಹಿಡಿದ ಕಡೆ ಸ್ಪ್ರೇ ಕಾರಿನಲ್ಲಿ ಅವರ ಜನ.

ಎಚ್‌ಒಗೆ ಇಳಿಸಿದರೆ 24.75 ಅಡಿ ಅಂದರೆ 87 ಮಿಲಿಮೀಟರ್. ಹಳಿಯ ನಡುಗೆರೆಯಿಂದ ಆಚೆಗೂ ಈಚೆಗೂ 43 ಮಿಲಿಮೀಟರ್ ಚಿಲ್ಲರೆ. ಒಂದು ರಟ್ಟಿನ ತುಂಡನ್ನು ಈ ಅಳತೆಗೆ ಕತ್ತರಿಸಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಲ್ಲಿನ ಕೆಲಸ

ಮೊದಲು ತಿಳಿಯಬೇಕಾದದ್ದು: ಔಷಧಿ ಬಿದ್ದ ತಕ್ಷಣ ಕಳೆ ಸಾಯುವುದಿಲ್ಲ. ರೈಲಿನ ಮುಂದೆ ಹಸಿರು, ಹಿಂದೆ ಕಂದು ಅಂತ ಮಾಡಿದರೆ ಅದು ಸುಳ್ಳು. ರೈಲು ಈಗಷ್ಟೇ ಹೋದ ಕಡೆ ಹುಲ್ಲು ಹಸಿರಾಗೇ ಇರುತ್ತದೆ, ಒದ್ದೆಯಾಗಿರುತ್ತದೆ, ಜಲ್ಲಿಯ ಬಣ್ಣ ಗಾಢವಾಗಿರುತ್ತದೆ. ಎಣ್ಣೆ ಹೊಡೆದದ್ದು ಬೇಗ ಬಾಡುತ್ತದೆ. 2,4-ಡಿಗೆ ಕಾಂಡ ಮೊದಲು ತಿರುಚಿ, ಬಾಗಿ, ಆಮೇಲೆ ನಿಧಾನಕ್ಕೆ ಕಂದಾಗುತ್ತದೆ. ಮೊನ್ಯುರಾನ್ ಕೆಲಸ ಮಾಡಲು ಮಳೆ ಬರಬೇಕು, ಎಲೆ ಹಳದಿಯಾಗುತ್ತಾ ಬರುತ್ತದೆ.

ಆದ್ದರಿಂದ ಹೀಗೆ ಮಾಡಿ. ಮುಖ್ಯ ಹಳಿಯ ಮೇಲೆ ರೈಲು ಕೆಲಸ ಮಾಡುತ್ತಿರಲಿ. ಅದರ ಹಿಂದಿನ ಜಲ್ಲಿಗೆ ತೆಳು ಮಾಡಿದ ಕಪ್ಪು ಇಂಕಿನಲ್ಲಿ ಒದ್ದೆ ಬಣ್ಣ ಕೊಡಿ. ಪಕ್ಕದ ಬ್ರಾಂಚ್ ಲೈನಿಗೆ ಕೆಲವು ವಾರಗಳ ಹಿಂದೆಯೇ ರೈಲು ಬಂದು ಹೋಗಿದೆ ಅಂದುಕೊಂಡು ಕಂದು ಪಟ್ಟಿಯನ್ನು ಅಲ್ಲಿ ಹಾಕಿ. ಒಂದೇ ನೋಟಕ್ಕೆ ಇವತ್ತಿನ ಕೆಲಸ, ಹಿಂದಿನ ಕೆಲಸದ ಫಲ ಎರಡೂ ಕಾಣುತ್ತದೆ.

ಕಂದು ಹುಲ್ಲಿಗೆ ತೆಂಗಿನ ನಾರಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹಳೇ ಹಗ್ಗ ಬಿಚ್ಚಿ, 5–6 ಮಿಲಿಮೀಟರ್‌ಗೆ ಕತ್ತರಿಸಿ, ಫೆವಿಕಾಲ್ ಸವರಿದ ಕಡೆ ನಿಲ್ಲಿಸಿ. ಅರ್ಧ ಒಣಗಿದಾಗ ಬೆರಳಿನಿಂದ ಒಂದೇ ಕಡೆಗೆ ಬಾಗಿಸಿ. ನೆಲಕ್ಕೆ ಜರಡಿ ಹಿಡಿದ ಚಹಾ ಚರಟ. 2,4-ಡಿ ಮಾತ್ರ ಬಿದ್ದ ಪಟ್ಟಿಯಾದರೆ ಹುಲ್ಲು ಹಸಿರಾಗಿಯೇ ಉಳಿದು ನಡುನಡುವೆ ಸೊಟ್ಟಗಾದ ಕಂದು ಕಡ್ಡಿಗಳು ಕಾಣಬೇಕು. ಯಾವ ಔಷಧಿಗೂ ಸುಲಭಕ್ಕೆ ಬಗ್ಗದ ಹಾರ್ಸ್‌ಟೇಲ್ ಅನ್ನುವ ಕಳೆ ಅಲ್ಲಿದೆ. ಎಲೆಯೇ ಇಲ್ಲದಂತೆ ಕಾಣುವ ಗಂಟು ಗಂಟಿನ ಹಸಿರು ಕಡ್ಡಿ. ಕಂದು ಪಟ್ಟಿಯ ನಡುವೆ ಅದರ ಒಂದೆರಡು ಗುಂಪು ನೆಡಿ. ನಿಮ್ಮ ವರ್ಷ 1970ರ ದಶಕದ ಕೊನೆಯದಾದರೆ ಕೋಷಿಯಾ ಗಿಡವನ್ನೂ ಸೇರಿಸಿ. ಅಟ್ರಜಿನ್ ಗುಂಪಿನ ಔಷಧಿಯನ್ನೇ ಮತ್ತೆ ಮತ್ತೆ ಹೊಡೆದು, ಕಾನ್ಸಾಸ್ ಕಡೆಯ ಹಳಿ ಪಕ್ಕದಲ್ಲಿ ಅದಕ್ಕೆ ಜಗ್ಗದ ಕೋಷಿಯಾ ಹುಟ್ಟಿಕೊಂಡಿತ್ತು.

ಈಗ ವಾಲ್ವ್ ಮುಚ್ಚುವ ಜಾಗಗಳು. ತೊರೆಯ ಮೇಲಿನ ಸೇತುವೆ: ಸ್ಲೀಪರ್ ಸಂದಿಯಿಂದ ಹನಿ ಸೀದಾ ನೀರಿಗೆ ಬೀಳುತ್ತದೆ, ಹಾಗಾಗಿ ಮೂರೂ ಹಿಡಿಕೆ ಮುಚ್ಚಬೇಕು. ಗ್ಯಾಂಗಿನವರ ಮನೆ, ಅದರ ಬಾವಿ, ತರಕಾರಿ ಮಡಿ: ಆ ಪಕ್ಕದ ಹಿಡಿಕೆ ಮಾತ್ರ. ಟೊಮೇಟೊ ಹೊಲ, ದ್ರಾಕ್ಷಿ ತೋಟ: ಆ ಪಕ್ಕ, ಅದೂ ಗಾಳಿ ಅತ್ತ ಬೀಸುತ್ತಿದ್ದರೆ ತುಂಬಾ ಮೊದಲೇ. ಸ್ಟೇಷನ್ ಪ್ಲಾಟ್‌ಫಾರ್ಮ್, ರಸ್ತೆ ದಾಟುವ ಕಡೆ ಜನ ನಿಂತಿದ್ದರೆ ಎಲ್ಲವೂ.

ಒಂದು ಪಕ್ಕ ಮಾತ್ರ ಮುಚ್ಚಿದ ಜಾಗವನ್ನು ಖಂಡಿತ ಮಾಡಿ. ಹಳಿಯ ನಡುವೆ ಕಂದು, ಎಡಕ್ಕೆ ಕಂದು, ಬಲಕ್ಕೆ ಹಚ್ಚ ಹಸಿರು, ಆ ಹಸಿರಿನ ಆಚೆ ನಾಲ್ಕು ಸಾಲು ಟೊಮೇಟೊ, ಒಂದು ಸಣ್ಣ ಮನೆ. ಇಷ್ಟಿದ್ದರೆ ಯಾರಿಗೂ ಏನೂ ವಿವರಿಸಬೇಕಿಲ್ಲ, ಅಲ್ವಾ?

ಪಟ್ಟಿಯ ಅಂಚನ್ನು ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲಿಸಬೇಡಿ. ಗಂಟೆಗೆ 20 ಮೈಲಿ ವೇಗದಲ್ಲಿ ರೈಲು ಒಂದು ಸೆಕೆಂಡಿಗೆ 29 ಅಡಿ ಮುಂದೆ ಹೋಗಿರುತ್ತದೆ. ಹಿಡಿಕೆ ಎಳೆದ ಮೇಲೂ ಪೈಪಿನಲ್ಲಿ ಉಳಿದ ಔಷಧಿ ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತದೆ. ಅದಕ್ಕೆ ಅನುಭವಿ ಕೈ ಸೇತುವೆ ಬರುವ ಮೊದಲೇ ಮುಚ್ಚುತ್ತದೆ, ದಾಟಿದ ಮೇಲೆ ತೆರೆಯುತ್ತದೆ. ಎಚ್‌ಒನಲ್ಲಿ ಆ ಒಂದು ಸೆಕೆಂಡು 10 ಸೆಂಟಿಮೀಟರ್. ಸೇತುವೆಗೆ 10 ಸೆಂಟಿಮೀಟರ್ ಮೊದಲಿನಿಂದ ಕಂದು ತೆಳುವಾಗುತ್ತಾ ಬಂದು, ನೀರಿನ ಅಂಚಿಗೆ ಬರುವ ಹೊತ್ತಿಗೆ ಪೂರ್ತಿ ಹಸಿರಾಗಬೇಕು. ಆ ರಟ್ಟಿನ ಅಳತೆಯನ್ನು ಹಿಡಿದು ಕಂದು ನಾರಿನ ಜೊತೆ ಹಸಿರು ಹುಲ್ಲನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಬೆರೆಸುತ್ತಾ ಹೋಗಿ.

ಓಡಿಸುವುದು

ಈ ರೈಲು ಟೈಮ್‌ಟೇಬಲ್ಲಿನಲ್ಲಿ ಇರುವುದಿಲ್ಲ, ಎಕ್ಸ್‌ಟ್ರಾ ಆಗಿ ಓಡುತ್ತದೆ. ಆ ಕಾಲದ ಅಮೆರಿಕದಲ್ಲಿ ಎಕ್ಸ್‌ಟ್ರಾ ರೈಲಿನ ಎಂಜಿನ್ನಿಗೆ ಎರಡು ಬಿಳಿ ಬಾವುಟ ಕಟ್ಟುತ್ತಿದ್ದರು. ಸಿಗರೇಟ್ ಪ್ಯಾಕಿನ ತೆಳು ಹಾಳೆಯಲ್ಲಿ ಮಾಡಿ ಅಂಟಿಸಿ. ಗಂಟೆಗೆ 20 ಮೈಲಿ ಅಂದರೆ ನಿಮ್ಮ ಹಳಿಯಲ್ಲಿ ಒಂದು ಮೀಟರಿಗೆ 10 ಸೆಕೆಂಡು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕಂಟ್ರೋಲರನ್ನು ಹೊಂದಿಸಿಕೊಳ್ಳಿ. ಗೆಳೆಯರು ಬಂದಾಗ ಒಬ್ಬರು ಓಡಿಸಲಿ, ಇನ್ನೊಬ್ಬರು ಪಕ್ಕ ಕೂತು ಎಡ, ನಡು, ಬಲ ಅಂತ ಕೂಗಲಿ. ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ, ಟೊಮೇಟೊ ಹೊಲ ಬಂದಾಗ ಅವರು ತಪ್ಪುವುದೇ ಇಲ್ಲ.

ಭಾರತದ್ದೇ ಬೇಕು ಅನ್ನುವವರು ದೆಹಲಿಯ ಕಡೆ ನೋಡಿ. ಉತ್ತರ ರೈಲ್ವೆ ಅಲ್ಲಿ ಮಳೆಗಾಲದಲ್ಲಿ ವ್ಯಾಗನ್ ಮೇಲೆ ದೊಡ್ಡ ಸ್ಪ್ರೇಯರ್ ಕೂರಿಸಿ, ಹಳಿ ಪಕ್ಕದ ನಿಂತ ನೀರಿಗೆ ಸೊಳ್ಳೆ ಮರಿ ಸಾಯುವ ಔಷಧಿ ಹೊಡೆಯುತ್ತದೆ. ಒಂದು ಎಂಜಿನ್, ಒಂದು ವ್ಯಾಗನ್. ಮೊದಲ ಸಲ ಕಟ್ಟುವವರಿಗೆ ಅದು ಸುಲಭ.

ಓಡಿಸಿ ಮುಗಿದ ಮೇಲೆ ಹಳಿ ಒರೆಸುವುದನ್ನು ಬಿಡಬೇಡಿ. ತೆಂಗಿನ ನಾರಿನ ಪುಡಿ ಎಂಜಿನ್ನಿನ ಗೇರಿಗೆ ಸುತ್ತಿಕೊಂಡರೆ ಬಿಚ್ಚುವುದು ಕಷ್ಟ. ಸ್ಪಿರಿಟ್ ಹಚ್ಚಿದ ಹತ್ತಿ ಬಟ್ಟೆಯಲ್ಲಿ ಹಳಿಯ ತಲೆ ಒರೆಸಿ, ತೋಳುಗಳನ್ನು ಮಡಚಿ, ರೈಲನ್ನು ನೀರಿನ ಟವರ್ ಪಕ್ಕದ ಸೈಡಿಂಗಿಗೆ ಹಾಕಿ.